ಮೂಗಿನೊಳಗಿನ ಹೊಂಡ

ಮೋರಟಗಿ, ಸಿಂದಗಿ ತಾಲೂಕು
ತಾ. ೯ ಡಿಸೆಂಬರ್ ೧೯೭೩, ರವಿವಾರ

ಪ್ರೀತಿಯ ಚಂದಪ್ಪಣ್ಣಾ,

ನಿನ್ನ ಮೈ ಹೇಗಿದೆ? ಮೊದಲು ಕುರಿ, ಆಮೇಲೆ ಮಂದಿ ಎಂಬುದು ಅಪ್ಪನ ಕಾಲದಿಂದ ನಮ್ಮ ಮನೆಯಲ್ಲಿ ಕ್ಷೇಮ ಕೇಳುವ ಕ್ರಮ. ಇವತ್ತು ಅದನ್ನು ತಪ್ಪಿಸಿ ಮೊದಲು ನಿನ್ನನ್ನು ಕೇಳುತ್ತಿದ್ದೇನೆ. ಮೂಗಿನಿಂದ ಇನ್ನೂ ರಕ್ತ ಬರುತ್ತದೆಯೇ? ಮಲಗಿದಾಗ ಬಾಯಿ ತೆರೆದೇ ಉಸಿರಾಡುತ್ತೀಯಾ? ಊಟ ಸೇರುತ್ತದೆಯೇ? ಆಮೇಲೆ ಕುರಿ. ಈ ಸಲದ ಮರಿಗಳೆಲ್ಲ ಉಳಿದವೇ, ಹೊಳೆಸಾಲಿನವರು ಗೊಬ್ಬರಕ್ಕೆಂದು ತಮ್ಮ ಹೊಲದಲ್ಲಿ ಹಿಂಡು ತರುಬಲು ಕರೆಯುತ್ತಿದ್ದಾರೆಯೇ, ಬಲಗಾಲು ಎಳೆಯುತ್ತಿದ್ದ ಟಗರು ಸರಿಹೋಯಿತೇ? ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ. ನಾನು ಕ್ಷೇಮ. ಮನೆ ಕ್ಷೇಮ. ಈ ಸಲ ಮಾಳಿಗೆ ಸೋರಲಿಲ್ಲ, ನೆಲದಡಿಯ ಹಗೇವಿನ ಜೋಳಕ್ಕೆ ನೀರು ತಾಗಲಿಲ್ಲ. ಅತ್ತಿಗೆಯ ಸಂಗತಿ ಮುಂದೆ ಬರೆಯುತ್ತೇನೆ.

ನೀನು ಓದುವುದು ನಿಧಾನ. ತಪ್ಪಿಸಿಕೊಳ್ಳುವ ಮರಿಯನ್ನು ಹಿಡಿದಂತೆ ಒಂದೊಂದು ಅಕ್ಷರವನ್ನೂ ಬೆರಳಿನಡಿ ಒತ್ತಿ ಹಿಡಿದು ಓದುತ್ತೀ. ನಡುವೆ ಬೇಸತ್ತು ಮಡಚಿಟ್ಟುಬಿಟ್ಟೀಯೆಂದು ಒಂದು ಮಾತನ್ನು ಈಗಲೇ ಬರೆಯುತ್ತೇನೆ. ನಿನಗೆ ಬಂದಿರುವುದು ದೊಡ್ಡ ರೋಗವಲ್ಲ. ಕುಷ್ಠವಲ್ಲ. ಕ್ಯಾನ್ಸರೂ ಅಲ್ಲ. ನಿನ್ನ ಮೂಗಿನ ಮಾಂಸವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನಾನೇ ನೋಡಿದ್ದೇನೆ, ಮತ್ತೆ ಮತ್ತೆ ನೋಡಿದ್ದೇನೆ. ನಿನ್ನ ಮೂಗಿನ ಮಾಂಸ ನನ್ನ ಕೈಗೆ ಹೇಗೆ ಬಂತು ಎಂದು ನಿನಗೆ ಸೋಜಿಗವಾದೀತು. ಅದನ್ನು ಹೇಳುವುದಕ್ಕೇ ಇಷ್ಟು ಹಾಳೆ ಬೇಕಾಗಿವೆ.

ಶ್ರಾವಣದಲ್ಲಿ ನಿನ್ನ ಮೂಗಿನ ಬಲ ಹೊರಳೆ ಕಟ್ಟಿಕೊಂಡಿತ್ತಂತೆ. ಆಮೇಲೆ ಸೀನು, ಸಿಂಬಳದಲ್ಲಿ ರಕ್ತದ ಎಳೆ. ಕುರಿಯ ಮೂಗಿನಲ್ಲಿ ಹುಳ ಬಿದ್ದಾಗಲೂ ಹೀಗೆಯೇ ಆಗುತ್ತದೆ. ಅಪ್ಪ ಅಂಥ ಕುರಿಯ ತಲೆಯನ್ನು ತೊಡೆಯ ಸಂದಿಯಲ್ಲಿ ಅವುಚಿ ಹಿಡಿದು ಊದುಗೊಳವೆಯಿಂದ ತಂಬಾಕಿನ ಪುಡಿ ಊದುತ್ತಿದ್ದದ್ದು, ಅದು ತಲೆ ಒದರಿ ಒದರಿ ಸೀನುತ್ತಿದ್ದದ್ದು, ಬಿಳಿ ಹುಳ ಯಾವ ಕಡೆ ಸಿಡಿಯುತ್ತದೆಂದು ನಾವಿಬ್ಬರೂ ಎದುರುಬದುರು ಕುಕ್ಕರಗಾಲಿನಲ್ಲಿ ಕೂತು ಕಾಯುತ್ತಿದ್ದದ್ದು ನೆನಪಿದೆ. ನೀನು ನಿನ್ನ ಮೂಗಿಗೂ ಅದೇ ಹುಳ ಬಿದ್ದಿದೆ ಎಂದುಕೊಂಡೆ. ಬೇರೆ ಯಾರಿಗೂ ಹೊಳೆಯದ ಯೋಚನೆ ಅದು. ಹುಟ್ಟಿದಾಗಿನಿಂದ ಹಿಂಡಿನ ಜೊತೆ ಉಸಿರಾಡಿದವನಿಗೆ ಸಹಜ. ಅತ್ತಿಗೆಯ ಕೈಗೆ ಊದುಗೊಳವೆ ಕೊಟ್ಟು, ನೆಲದ ಮೇಲೆ ಮಲಗಿ, ಮೂಗು ಮೇಲೆ ಮಾಡಿ, "ಊದಲೇ, ಅಂಜಬ್ಯಾಡ. ನಾ ಏನ್ ಟಗರಲ್ಲ, ಹಾಯೂದಿಲ್ಲ ನಿನಗ" ಎಂದೆಯಂತೆ. ಅವಳು ಊದಿದಳು. ನೀನು ಸೀನಿದ ಸಪ್ಪಳಕ್ಕೆ ಪಕ್ಕದ ಮನೆಯ ತಿಪ್ಪವ್ವ ಗೋಡೆಯ ಮೇಲೆ ತಲೆ ಹಾಕಿ, "ಏನಾತೋ ಚಂದ್ಯಾ, ಮೂಗಿನಾಗ ಬಾಂಬ್ ಇಟಗೊಂಡಿಯೇನ?" ಎಂದು ಕೂಗಿದಳು. ಅತ್ತಿಗೆ ಇದನ್ನೆಲ್ಲ ಹೇಳುವಾಗ ನಾನು ನಕ್ಕುಬಿಟ್ಟೆ, ಅವಳೂ ನಕ್ಕಳು. ಆದರೆ ಬಿದ್ದದ್ದು ಹುಳವಲ್ಲ. ಕೆಂಪು ಮಾಂಸದ ಒಂದು ತುಣುಕು, ಅದರ ಹಿಂದೆ ನಿಲ್ಲದ ರಕ್ತ. ತಿಪ್ಪವ್ವ ನಗು ನಿಲ್ಲಿಸಿ ಗೋಡೆಯಿಂದ ತಲೆ ಹಿಂದಕ್ಕೆ ತೆಗೆದುಕೊಂಡಳು. ನೀನು ಅದನ್ನು ನೋಡಿದೆ, ಕಾಲಿನಿಂದ ಮಣ್ಣು ಎಳೆದೆ, ಅಂದು ಒಳಗೆ ಮಲಗಲಿಲ್ಲ. ಬೆಳಕು ಹರಿಯುವ ಮೊದಲು ಹಿಂಡು ಹೊರಡಿಸಿಕೊಂಡು ಹೋದೆ.

ಆ ಹೊತ್ತಿನಲ್ಲಿ ನಿನಗೆ ಯಾರ ನೆನಪಾಯಿತೆಂದು ನನಗೆ ಗೊತ್ತು. ನಮ್ಮ ಸಣ್ಣ ಕಾಕಾನ ಕುಷ್ಠರೋಗವೂ ಮೂಗಿನಿಂದಲೇ ಸುರುವಾಗಿತ್ತು. ಮೂಗು ಕಟ್ಟಿತು, ರಕ್ತ ಬಂತು, ಆಮೇಲೆ ಮೂಗೇ ಒಳಗೆ ಕುಸಿಯಿತು. ಹೊಲದ ಬದುವಿನಲ್ಲಿ ಅವನಿಗೊಂದು ಗುಡಿಸಲು ಹಾಕಿಕೊಟ್ಟರು. ರೊಟ್ಟಿ ಒಯ್ಯುವವನು ನೀನು, ನಿನ್ನ ಹಿಂದೆ ನಾನು. ಕಲ್ಲಿನ ಮೇಲೆ ಗಂಟು ಇಟ್ಟು ತಿರುಗಿದೊಡನೆ ಕಾಕಾ ಗುಡಿಸಲಿನಿಂದ ಎದ್ದು ಬಂದು, "ಓಡ್ರಲೇ, ಬಂದೆ, ಹಿಡದೆ" ಎಂದು ಕೈ ಚಾಚುತ್ತಿದ್ದ. ನಾನು ಕೇಕೆ ಹಾಕಿ ನಗುತ್ತ ಓಡುತ್ತಿದ್ದೆ. ಅದು ಆಟವೆಂದೇ ಬಹಳ ಕಾಲ ತಿಳಿದಿದ್ದೆ. ನಾವು ದೂರ ಇರುವುದನ್ನು ಅವನು ಆಟವಾಗಿ ಮಾಡಿಕೊಟ್ಟಿದ್ದನೆಂಬುದು ನನಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ, ಹುಬ್ಬಳ್ಳಿಯಲ್ಲಿ, ಯಾವುದೋ ಕೆಲಸದ ನಡುವೆ, ಕಾರಣವಿಲ್ಲದೆ. ನೀನು ನನಗಿಂತ ದೊಡ್ಡವನು. ನಿನಗೆ ಆಗಲೇ ಗೊತ್ತಿತ್ತು, ನೀನು ನಗುತ್ತಿರಲಿಲ್ಲ.

ನಿಡಗುಂದಿಯ ಚಹಾದಂಗಡಿಯ ಶಂಕರೆಪ್ಪ ನನಗೊಂದು ಕಾರ್ಡು ಬರೆದಿದ್ದ. ನನ್ನ ವಿಳಾಸ ನಿನ್ನ ಬಾಯಿಂದಲೇ ಮಾತು ಮಾತಿನಲ್ಲಿ ಅವನಿಗೆ ಸಿಕ್ಕಿತಂತೆ, ಬೈಯಬೇಡ. ನೀನು ಅಂಗಡಿಯ ಒಳಗೆ ಬರುವುದಿಲ್ಲ, ನಿನ್ನದೇ ತಗಡಿನ ಡಬ್ಬಿ ತರುತ್ತೀ, ಚಹಾ ಮೇಲಿನಿಂದ ಹೊಯ್ಯಿ ಅನ್ನುತ್ತೀ, ಜೊತೆಯ ಕುರುಬರು ಒಲೆ ಹೂಡಿದರೆ ನೀನು ಬೇರೆ ಒಲೆ ಹೂಡುತ್ತೀ, ಕೇಳಿದರೆ ದೊಡ್ಡ ರೋಗ ಅನ್ನುತ್ತೀ ಎಂದು ಬರೆದಿದ್ದ. ಕೊನೆಗೆ, "ಕೈಬೆರಳೆಲ್ಲ ನೆಟ್ಟಗ ಅದಾವ್ರಿ, ನನಗ ನಂಬಿಕಿ ಆಗವಲ್ದು, ನೀವು ಡಾಕ್ಟರ ಇದ್ದೀರಿ, ನೀವ ಹೇಳ್ರಿ" ಎಂದಿದ್ದ. ನೀನು ಮನೆಗೆ ಹೇಳಿ ಕಳಿಸಿದ್ದು ಒಂದೇ ಮಾತು: ನನ್ನ ಕಡೆ ಯಾರೂ ಬರಬ್ಯಾಡ್ರಿ. ಕಾಕಾನಿಗೆ ಗುಡಿಸಲನ್ನು ಉಳಿದವರು ಹಾಕಿಕೊಟ್ಟಿದ್ದರು. ನೀನು ನಿನ್ನದನ್ನು ನೀನೇ ಕಟ್ಟಿಕೊಂಡೆ. ಹಿಂಡಿನ ಜೊತೆ ನಡೆಯುವ ಗುಡಿಸಲು, ಗೋಡೆಯೂ ಇಲ್ಲ, ಬಾಗಿಲೂ ಇಲ್ಲ, ಆದ್ದರಿಂದ ಬಡಿಯುವುದಕ್ಕೂ ಬರುವುದಿಲ್ಲ.

ನೀನು ಹೋದ ಮೇಲೆ ಅತ್ತಿಗೆ ಮಣ್ಣು ಸರಿಸಿ ಆ ತುಣುಕನ್ನು ಆರಿಸಿಕೊಂಡಳು. ನಾಯಿ ಮುಟ್ಟಬಾರದು, ಕಾಗೆ ಮುಟ್ಟಬಾರದು ಎಂಬುದಷ್ಟೇ ಅವಳ ಮೊದಲಿನ ಯೋಚನೆ. ಹಿತ್ತಲಲ್ಲಿ ಹೂಳಲು ಕುಣಿಯನ್ನೂ ತೋಡಿದ್ದಳಂತೆ. ಆಮೇಲೆ, ಹೂತರೆ ಕೇಳುವುದು ಯಾರನ್ನು, ಇದು ಏನೆಂದು ತೋರಿಸುವುದು ಏನನ್ನು ಎಂದು ಅನಿಸಿತಂತೆ. ಮಾಂಸ ಕೆಡದ ಹಾಗೆ ಇಡುವುದಕ್ಕೆ ಅವಳಿಗೆ ಗೊತ್ತಿದ್ದದ್ದು ಒಂದೇ ದಾರಿ, ಸತ್ತ ಕುರಿಯ ಚರ್ಮಕ್ಕೆ ನೀನು ಮಾಡುವುದನ್ನು ನೋಡಿ ಕಲಿತದ್ದು. ಉಪ್ಪು ಅರಿಸಿನ ತಿಕ್ಕಿ, ಅರಿವೆಯಲ್ಲಿ ಕಟ್ಟಿ, ಎಲೆ-ಅಡಕೆಯ ಸಂಚಿಯ ಒಳಜೇಬಿನಲ್ಲಿ ಇಟ್ಟುಕೊಂಡಳು. ದೀಪಾವಳಿಗೆ ನೀನು ಬರುತ್ತೀ, ಬಂದಾಗ ಕೂಡಿ ಹೋಗೋಣ ಎಂದು ಕಾಯ್ದಳು. ಕುರುಬರ ಮನೆಗೆ ದೀಪಾವಳಿಗೂ ಯಜಮಾನ ಬಾರದಿದ್ದರೆ ಊರಿಗೆ ಬೇರೆ ಸುದ್ದಿ ಬೇಕಾಗುವುದಿಲ್ಲ. ಹಬ್ಬ ಕಳೆಯಿತು. ಸಿಂದಗಿಯ ಸಂತೆ, ಇಂಡಿ ಊರಿನ ಹತ್ತಿರದ ತವರು, ಇವೆರಡರ ಆಚೆ ಕಾಲಿಡದವಳು ಕೇಳಿ ಕೇಳಿ ಬಸ್ಸು ಬದಲಿಸುತ್ತ ಒಬ್ಬಳೇ ಹುಬ್ಬಳ್ಳಿಗೆ ಬಂದಳು. ನಮ್ಮ ದವಾಖಾನೆಯ ಬಾಗಿಲಲ್ಲಿ ನಿಂತು "ನಮ್ಮ ಸೋಮನಿಂಗ ಎಲ್ಲಿ ಕುಂದರ್ತಾನ್ರಿ, ಮಂದಿ ಮಾಂಸ ನೋಡಾಂವ" ಎಂದು ಕೇಳಿದಳಂತೆ. ನನ್ನ ಉದ್ಯೋಗವನ್ನು ಇಷ್ಟು ಸರಿಯಾಗಿ ಇದುವರೆಗೆ ಯಾರೂ ಹೇಳಿರಲಿಲ್ಲ. ನನ್ನ ಮೇಜಿನ ಮೇಲೆ ಗಂಟು ಇಟ್ಟು, "ತಮ್ಮಾ, ಇದು ನಿಮ್ಮಣ್ಣನ ಮೂಗು. ನೋಡಿ ಹೇಳು. ಚಲೋ ಐತಿ ಅಂತ ಸುಮ್ಮ ಹೇಳಬ್ಯಾಡ" ಎಂದಳು.

ನನ್ನ ಕೆಲಸ ಏನೆಂದು ನಿನಗೆ ನಾನು ಎಂದೂ ಹೇಳಿಲ್ಲ, ನೀನೂ ಕೇಳಲಿಲ್ಲ. ಬೇರೆ ಡಾಕ್ಟರು ಕೊಯ್ದು ತೆಗೆದ ತುಣುಕುಗಳು ಸಣ್ಣ ಸೀಸೆಗಳಲ್ಲಿ ನನ್ನ ಹತ್ತಿರ ಬರುತ್ತವೆ. ಅವುಗಳ ಒಡೆಯರನ್ನು ನಾನು ನೋಡುವುದಿಲ್ಲ. ಸೀಸೆಯ ಮೇಲೆ ಹೆಸರಿದ್ದರೂ ಸ್ಲೈಡಿನ ಮೇಲೆ ಬರಿಯ ಅಂಕಿ. ಈ ಏರ್ಪಾಡು ನನ್ನ ಸ್ವಭಾವಕ್ಕೆ ಒಗ್ಗಿತ್ತು. ಯಾರ ಮುಖವನ್ನೂ ನೋಡದೆ ಅವರ ಒಳಗನ್ನು ನೋಡುವುದು, ನೋಡಿದ್ದನ್ನು ಎರಡು ಸಾಲಿನಲ್ಲಿ ಬರೆದು ಕಳಿಸುವುದು, ಆಮೇಲೆ ಕಿಟಕಿಯ ಆಚೆಯ ಬೇವಿನ ಗಿಡ ನೋಡುತ್ತ ಚಹಾ ಕುಡಿಯುವುದು. ತುಣುಕುಗಳನ್ನು ಮೇಣದಲ್ಲಿ ಕೂರಿಸಿ ಉಳ್ಳಾಗಡ್ಡಿಯ ಪೊರೆಗಿಂತ ತೆಳ್ಳಗೆ ಸೀಳಿ ಬಣ್ಣ ಹಾಕುವವಳು ಅಖ್ತರಬೇಗಂ. ಅತ್ತಿಗೆಯ ಗಂಟು ಬಿಚ್ಚಿದವಳು, "ಸಾಹೇಬ್ರ, ಇದೇನ್ರಿ, ಉಪ್ಪಿನಕಾಯಿ ಹಾಕಿ ಕಳಿಸ್ಯಾರಲ್ರಿ!" ಎಂದು ನಕ್ಕಳು. ನಾನು ನಗದಿದ್ದದ್ದನ್ನು ಕಂಡು, ಬಾಗಿಲ ಹತ್ತಿರ ನೆಲದ ಮೇಲೆ ಕೂತಿದ್ದ ಅತ್ತಿಗೆಯನ್ನು ಕಂಡು, ಮಾತು ನಿಲ್ಲಿಸಿ ಅದನ್ನು ನೀರಿಗೆ ಹಾಕಲು ಒಯ್ದಳು. ಸ್ಲೈಡ್ ಸಿದ್ಧವಾಗುವವರೆಗೆ ಅತ್ತಿಗೆ ನಮ್ಮ ಮನೆಯಲ್ಲಿ ಇದ್ದಳು. ನನ್ನ ಹೆಂಡತಿ ಕಾಶಿಬಾಯಿ ಮಂಚ ತೋರಿಸಿದರೂ ಬಾಗಿಲ ಬಳಿ ತನ್ನ ಚಾಪೆ ಹಾಸಿಕೊಂಡಳು. ತನ್ನ ತಟ್ಟೆಯನ್ನು ತಾನೇ ತೊಳೆದು ಬೇರೆ ಇಡುತ್ತಿದ್ದಳು. ನಿನ್ನ ರೋಗದ ಅಂಜಿಕೆಯಿಂದ ಹಾಗೆ ಮಾಡುತ್ತಾಳೆಂದು ನಾವು ತಿಳಿದೆವು.

ಮೂಗಿನ ದುರ್ಮಾಂಸ ನಮ್ಮಲ್ಲಿಗೆ ಬಹಳ ಬರುತ್ತದೆ. ಹೆಚ್ಚಿನವು ಸಿಪ್ಪೆ ಸುಲಿದ ದ್ರಾಕ್ಷಿಯ ಹಾಗಿರುತ್ತವೆ, ತಿಳಿಯಾಗಿ, ನೀರು ತುಂಬಿಕೊಂಡು. ಅವು ಧೂಳಿಗೆ, ಹೊಟ್ಟಿಗೆ, ಮೂಗು ವರ್ಷಾನುಗಟ್ಟಲೆ ಮುನಿಸಿಕೊಂಡದ್ದರಿಂದ ಬೆಳೆದವು, ಅಂಜಬೇಕಾದವಲ್ಲ. ಆದರೆ ಕಣ್ಣಿಗೆ ಬರಿಯ ದುರ್ಮಾಂಸವಾಗಿ ಕಂಡದ್ದರ ನಡುವೆ ಒಮ್ಮೊಮ್ಮೆ ಬೇರೆಯದು ಕೂತಿರುತ್ತದೆ. ಕ್ಯಾನ್ಸರ್ ಕೂತಿರುತ್ತದೆ. ಕಾಕಾನ ರೋಗ ಕೂತಿರುತ್ತದೆ. ಆದ್ದರಿಂದ ಮೂಗಿನಿಂದ ತೆಗೆದದ್ದು ಎಷ್ಟೇ ಸಣ್ಣದಿರಲಿ, ಎಷ್ಟೇ ಸಾಧುವಾಗಿ ಕಾಣಲಿ, ನೋಡದೆ ಬಿಸಾಡಬಾರದೆಂಬುದು ನಮ್ಮ ಕೆಲಸದ ನೇಮ. ಮೊದಲು ಸಣ್ಣ ಮಸೂರದಲ್ಲಿ ಇಡೀ ತುಣುಕನ್ನು ನೋಡಬೇಕು, ಗುಡ್ಡದ ಮೇಲೆ ನಿಂತು ಹಿಂಡನ್ನು ನೋಡುವ ಹಾಗೆ. ಆಮೇಲೆ ದೊಡ್ಡದರಲ್ಲಿ ಒಂದೊಂದನ್ನೇ. ಅವತ್ತು ನಾನು ಕಣ್ಣು ಹಚ್ಚಿ ಕೂಡಲೇ ತೆಗೆದೆ. ಕನ್ನಡಕ ಒರೆಸಿದೆ. ಮಸೂರ ಒರೆಸಿದೆ. ಎರಡೂ ಸ್ವಚ್ಛವೇ ಇದ್ದವು.

ಉಪ್ಪು ಎಲ್ಲವನ್ನೂ ಕೆಡಿಸಿತ್ತು. ಜೀವಕೋಶಗಳು ಮುರುಟಿ ಹೋಗಿದ್ದವು, ಹಿಂಡು ಹಾದುಹೋದ ಹೊಲದ ಹಾಗೆ. ಅದರ ನಡುವೆ ಗುಂಡಗೆ, ಏನೂ ಆಗದವರ ಹಾಗೆ, ಅವು ಇದ್ದವು. ದಪ್ಪ ಗೋಡೆಯ ದುಂಡು ಚೀಲಗಳು. ಕೆಲವು ಸಣ್ಣವು, ಕೆಲವು ಸ್ಲೈಡನ್ನು ಬೆಳಕಿಗೆ ಹಿಡಿದರೆ ಬರಿಗಣ್ಣಿಗೂ ಚುಕ್ಕೆಯಾಗಿ ಕಾಣುವಷ್ಟು ದೊಡ್ಡವು. ಒಳಗೆ ಗಸಗಸೆಯ ಹಾಗೆ ಒತ್ತೊತ್ತಾಗಿ ಬೀಜ. ಒಂದು ಚೀಲ ಅಂಚಿನಲ್ಲಿ ಒಡೆದು ಬೀಜಗಳನ್ನು ಹೊರಗೆ ಸುರಿಯುತ್ತಿರುವಾಗಲೇ ನಿಂತುಬಿಟ್ಟಿತ್ತು. ಗೋಡೆ ಅಷ್ಟು ದಪ್ಪವಿದ್ದದ್ದರಿಂದ ಉಪ್ಪಿಗೂ ಅವು ಬಗ್ಗಲಿಲ್ಲ. ನಾನು ಕೂಡಲೇ ನಂಬಲಿಲ್ಲ. ಕುಷ್ಠದ ರೋಗಾಣು ಇದ್ದರೆ ಕೆಂಪಗೆ ಕಾಣುವಂಥ ಬಣ್ಣವನ್ನು ಬೇರೆ ಸ್ಲೈಡಿಗೆ ಹಾಕಿಸಿ ಮೂಲೆ ಮೂಲೆ ಹುಡುಕಿದೆ, ಇರಲಿಲ್ಲ. ನನಗಿಂತ ಹಿರಿಯರೊಬ್ಬರಿಗೆ, ಯಾರದೆಂದು ಹೇಳದೆ, ಕೊಟ್ಟೆ. ಅವರು ಕಣ್ಣು ಹಚ್ಚುತ್ತಲೇ, "ಹೊಂಡದಾಗ ಈಸಾಡೋ ಮನಶ್ಯಾಂದ ಇದು" ಎಂದರು.

ಇದು ನಿಂತ ನೀರಿನದು, ಅಣ್ಣಾ. ಬೂಷ್ಟಿನ ಜಾತಿಯದೆಂದು ನಮ್ಮ ಪುಸ್ತಕಗಳು ಹೇಳುತ್ತವೆ. ದನ ಎತ್ತು ಮೈ ತೊಳೆಯುವ ನೀರಿನಲ್ಲಿ ಮುಳುಗಿ ಏಳುವವರಿಗೆ ಮೂಗಿನ ಸಣ್ಣ ತರಚು ಗಾಯದಿಂದ ಹೋಗುತ್ತದೆ, ಅಲ್ಲೇ ಮನೆ ಮಾಡಿ ಮೆಲ್ಲಗೆ ಬೆಳೆಯುತ್ತದೆ. ಮನುಷ್ಯನಿಂದ ಮನುಷ್ಯನಿಗೆ ಅಂಟಿದ್ದನ್ನು ಯಾರೂ ಕಂಡಿಲ್ಲ. ಒಂದೇ ತಟ್ಟೆಯಲ್ಲಿ ಉಂಡರೆ ಬರುವುದಿಲ್ಲ, ಒಂದೇ ಕಂಬಳಿ ಹೊದ್ದರೆ ಬರುವುದಿಲ್ಲ. ಈ ಮಾತನ್ನು ಎರಡು ಸಲ ಓದು. ಬೆರಳು ಇಟ್ಟು ಓದು.

ನಿಂತ ನೀರು ಎಂದಾಗ ನನಗೆ ಬೇರೆ ಯಾವ ನೀರೂ ನೆನಪಾಗಲಿಲ್ಲ. ಉಣ್ಣೆ ಕತ್ತರಿಸುವ ಮೊದಲು ಹಿಂಡನ್ನು ಕರಿಕಲ್ಲ ಹೊಂಡದಲ್ಲಿ ಹಾಯಿಸುತ್ತಿದ್ದೆವಲ್ಲ. ಅಪ್ಪ ಈ ದಂಡೆಯಿಂದ ಒಂದೊಂದನ್ನೇ ನೂಕುವವನು. ನಡುವೆ ಕುತ್ತಿಗೆಮಟ ನೀರಿನಲ್ಲಿ ನೀನು, ಬೆದರಿದ ಕುರಿಯ ತಲೆಯನ್ನು ತೋಳಿನ ಮೇಲೆ ಹೊತ್ತು ಆಚೆಗೆ ತಿರುಗಿಸುತ್ತಿದ್ದೆ. ಆ ದಂಡೆಯಲ್ಲಿ ನಾನು, ಮೇಲೆ ಬಂದವು ಮತ್ತೆ ನೀರಿಗೆ ಇಳಿಯದಂತೆ ಕಾಯುವವನು. ನೀರು ಮೊದಲು ಹಸಿರು, ಆಮೇಲೆ ಕಂದು, ಕೊನೆಗೆ ಕುರಿಯ ಜಿಡ್ಡಿನಿಂದ ಹೊಳೆಯುತ್ತಿತ್ತು. ಎಲ್ಲ ಮುಗಿದ ಮೇಲೆ ತಳದ ಅರಲು, ಆ ಕರಿ ಕೆಸರು, ಯಾರು ತರುತ್ತಾರೆಂಬ ಪಂದ್ಯ. "ಸೋಮ್ಯಾ, ಮೂಗ ಹಿಡಕೋ, ನೀರ ಏರತಾವ" ಎಂದು ನನಗೆ ಹೇಳಿ ನೀನು ಮೂಗು ಹಿಡಿಯದೆ ಮುಳುಗುತ್ತಿದ್ದೆ. ಎರಡೂ ಕೈಯಲ್ಲಿ ಅರಲು ತುಂಬಿಕೊಂಡು, ತಳದ ಕಲ್ಲಿಗೆ ಮೂಗು ತರಚಿ, ನಗುತ್ತ ಮೇಲೆ ಬರುತ್ತಿದ್ದೆ. ದಂಡೆಯ ತುಂಬ ಹಸಿ ಉಣ್ಣೆಯ ವಾಸನೆ. ಆ ವಾಸನೆಯಲ್ಲೂ ನೀನು ಮರಿಯೊಂದನ್ನು ಎತ್ತಿ ಮೂಸಿ, ಇದರ ತಾಯಿ ಅದು ಎಂದು ಬೆರಳು ಮಾಡುತ್ತಿದ್ದೆ. ಒಂದು ಸಲವೂ ತಪ್ಪಿದ್ದು ನನಗೆ ನೆನಪಿಲ್ಲ. ಈಗ ನಿನಗೆ ವಾಸನೆ ತಿಳಿಯುವುದಿಲ್ಲವಂತೆ, ಮರಿಗಳನ್ನು ತಾಯಿಗೆ ಹಚ್ಚಲು ಜೊತೆಯವರನ್ನು ಕೇಳುತ್ತೀಯಂತೆ. ಇದನ್ನೂ ಶಂಕರೆಪ್ಪನೇ ಬರೆದದ್ದು. ನನ್ನ ಮೂಗೂ ಹೋಗಿದೆ, ಅಣ್ಣಾ. ಮಾಂಸ ಕೆಡದಂತೆ ಇಡುವ ನಮ್ಮ ಔಷಧಿಯ ಘಾಟು ಅದನ್ನು ಎಂದೋ ಸುಟ್ಟಿದೆ. ಆದರೂ ಆ ಸ್ಲೈಡ್ ನೋಡುತ್ತ ಕೂತಾಗ ನನಗೆ ಹಸಿ ಉಣ್ಣೆಯ ವಾಸನೆ ಬಂತು. ಇಂಥದ್ದನ್ನು ನಾನು ಸಾಮಾನ್ಯವಾಗಿ ನಂಬುವುದಿಲ್ಲ, ಯಾರಿಗೂ ಹೇಳುವುದೂ ಇಲ್ಲ. ನಮ್ಮ ಹೊಂಡವನ್ನು ಎಂದೋ ಬಿಟ್ಟು ಬಂದಿದ್ದೆ ಎಂದು ತಿಳಿದಿದ್ದೆ. ಅದು ನಿನ್ನ ಮೂಗಿನೊಳಗೆ ಉಳಿದಿತ್ತು, ಉಪ್ಪು ಹಚ್ಚಿಸಿಕೊಂಡು ನನ್ನ ಮೇಜಿಗೆ ಬಂದಿತ್ತು.

ಊರಿಗೆ ಬಾಯಿಂದ ಹೇಳಿದರೆ ಸಾಲದೆಂದು ಅತ್ತಿಗೆಯ ಹಟ. ಆದ್ದರಿಂದ ರಜೆ ಹಾಕಿ, ಕನ್ನಡಿಯ ಬೆಳಕಿನಲ್ಲಿ ನೋಡುವ ನನ್ನ ಹಳೆಯ ಸೂಕ್ಷ್ಮದರ್ಶಕವನ್ನು ಮಡಿಲಲ್ಲಿ ಇಟ್ಟುಕೊಂಡು ಬಂದೆ. ನಿನ್ನೆ ಅಂಗಳದಲ್ಲಿ ಸುಣ್ಣದ ಗೋಡೆಯ ಬೆಳಕನ್ನು ಕನ್ನಡಿಗೆ ಹಿಡಿಸಿ ಎಲ್ಲರಿಗೂ ತೋರಿಸಿದೆ. ಮೊದಲು ಬಂದವಳು ತಿಪ್ಪವ್ವ. "ಯಾವ ಕಣ್ಣ ಮುಚ್ಚಲೋ? ಒಂದಕ್ಕ ಪೊರಿ ಬಂದೈತಿ" ಎಂದಳು. "ಪೊರಿ ಬಂದದ್ದನ್ನ ಮುಚ್ಚು, ಆಯಿ" ಎಂದೆ. "ಅಯ್ಯ ಶಿವನ, ಅತ್ತಿಹಣ್ಣ ಸೀಳಿದಂಗ ಐತಲ್ಲೋ! ದೊಡ್ಡ ರೋಗ ಎಲ್ಲೈತಿ ಇದರಾಗ?" ಇಲ್ಲ ಎಂದೆ. "ಇಲ್ಲಂದ್ರ ಈ ಚೂರಿನಾಗ ಇಲ್ಲೋ, ಅವನ ಮೈಯಾಗ ಇಲ್ಲೋ?" ಎಂದಳು. ನಾನು ಇಷ್ಟು ವರ್ಷ ತಲೆ ತಗ್ಗಿಸಿ ಮಾಡುತ್ತ ಬಂದ ಕೆಲಸದ ಬುಡಕ್ಕೇ ಕೈ ಹಾಕುವ ಪ್ರಶ್ನೆ ಅದು. ತುಣುಕಿನಲ್ಲಿ ಕಂಡದ್ದರಿಂದ ಮನುಷ್ಯನ ವಿಷಯ ಎಷ್ಟು ಹೇಳಬಹುದು? ಅತ್ತಿಗೆ ಬಲ್ಲಂತೆ ನಿನ್ನ ಮೈಯ ಮೇಲೆ ಮಚ್ಚೆಯಿಲ್ಲ, ಕೈಕಾಲಿಗೆ ಜೋಮಿಲ್ಲ, ಉಣ್ಣೆಯ ಒಂದೊಂದು ಎಳೆಯನ್ನೂ ಬೆರಳಲ್ಲಿ ಹಿಡಿದು ಬಿಡಿಸುತ್ತೀ, ತುಣುಕಿನಲ್ಲೂ ರೋಗಾಣುವಿಲ್ಲ, ರಕ್ತಕ್ಕೆ ಬೇರೆ ಕಾರಣ ಕಣ್ಣೆದುರಿಗಿದೆ ಎಂದು ಎಲ್ಲವನ್ನೂ ಬಿಡಿಸಿ ಹೇಳಿದೆ. ಕೊನೆಗೆ, "ಎಲ್ಲೂ ಇಲ್ಲ, ಆಯಿ" ಎಂದೆ. "ಹಂಗಿದ್ರ ಬಾ ಅಂತ ಬರಿ ಅವಗ. ದಸರಾದಿಂದ ನಿಮ್ಮ ಮನಿ ಮಜ್ಜಿಗಿ ಬಿಟ್ಟೇನಿ, ಮಂದಿ ಮನಿ ನೀರ ಮಜ್ಜಿಗಿ ಕುಡದ ಬಾಯಿ ಸತ್ತೈತಿ" ಎಂದು ಎದ್ದವಳು, ನೇರ ನಮ್ಮ ಅಡುಗೆಮನೆಗೆ ಹೋಗಿ ತಾನೇ ಗಡಿಗೆಯಿಂದ ತುಂಬಿಕೊಂಡು ಅಂಗಳದಲ್ಲಿ ಎಲ್ಲರೆದುರು ನಿಂತು ಕುಡಿದಳು. ಸೂಕ್ಷ್ಮದರ್ಶಕಕ್ಕಿಂತ ಊರಿಗೆ ಅದು ಹೆಚ್ಚು ನಂಬಿಕೆ ತಂದಿತು. ಎಲ್ಲರೂ ನೋಡಿದ ಮೇಲೆ ಅತ್ತಿಗೆ ಕಣ್ಣು ಹಚ್ಚಿದಳು. ಬಹಳ ಹೊತ್ತು ತೆಗೆಯಲಿಲ್ಲ. "ಮಂದಿಂದ ಮಂದಿಗಿ ಬರೂದಿಲ್ಲ, ಹೌದಿಲ್ಲೋ ತಮ್ಮಾ?" ಇಲ್ಲ ಎಂದೆ. "ಖರೇನ?" ಖರೆ ಎಂದೆ. ಎದ್ದು ಒಳಗೆ ಹೋದಳು.

ಇನ್ನು ಮಾಡಬೇಕಾದದ್ದು. ನಿನ್ನ ಮೂಗಿನಲ್ಲಿ ಉಳಿದ ಮಾಂಸವನ್ನು ಬುಡದಿಂದ ತೆಗೆದು ಬುಡವನ್ನು ಸುಡಬೇಕು. ಹುಬ್ಬಳ್ಳಿಯಲ್ಲಿ ನನ್ನ ಗೆಳೆಯರೊಬ್ಬರು ಮಾಡುತ್ತಾರೆ, ಕೈ ಹಗುರ. ನೋವು ತಡೆಯುವಷ್ಟು. ಮತ್ತೆ ಬೆಳೆಯಲೂಬಹುದು, ಅದನ್ನು ಮುಚ್ಚಿಡುವುದಿಲ್ಲ. ಬೆಳೆದರೆ ಮತ್ತೆ ತೆಗೆಯುವುದು. ಗುಳಿಗೆಯಿಂದ ಹೋಗುವುದಲ್ಲ, ತಂಬಾಕಿನಿಂದ ಖಂಡಿತ ಹೋಗುವುದಲ್ಲ. ಹೊಂಡದ ವಿಷಯ ಊರವರು ಕೇಳಿದರು, ಮುಚ್ಚಿಬಿಡೋಣವೇ ಎಂದು. ಹಿಂಡಿಗೆ ನೀರು ಎಲ್ಲಿ ಎಂದು ನಾನು ತಿರುಗಿ ಕೇಳಿದೆ. ಇನ್ನು ಮೇಲೆ ತಲೆ ಮುಳುಗಿಸಬೇಡಿ, ಮನೆಗೆ ಬಂದು ಬಾವಿಯ ನೀರಿನಲ್ಲಿ ಮುಖ ಮೂಗು ತೊಳೆಯಿರಿ ಎಂದಷ್ಟೇ ಹೇಳಿದೆ. ಸಂಜೆ ಒಬ್ಬನೇ ಅಲ್ಲಿಗೆ ಹೋಗಿ ಕೂತಿದ್ದೆ. ನೀರು ಹಸಿರಾಗಿತ್ತು, ಅಲುಗಾಡುತ್ತಿರಲಿಲ್ಲ. ಅದರ ಮೇಲೆ ನನಗೆ ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ.

ಈ ಹಾಳೆಗಳನ್ನು ನೀನು ಓದಿದ ಮೇಲೆ ಶಂಕರೆಪ್ಪನಿಗೂ ಓದಲು ಕೊಡು. ಅವನ ಕಾರ್ಡು ಬಾರದಿದ್ದರೆ ನಿನ್ನನ್ನು ಎಲ್ಲಿ ಹುಡುಕಬೇಕೆಂದು ನಮಗೆ ತಿಳಿಯುತ್ತಿರಲಿಲ್ಲ. ಅವನಿಗೆ ನನ್ನ ನಮಸ್ಕಾರ ತಿಳಿಸು. ಹುಬ್ಬಳ್ಳಿಯಿಂದ ಕಾಶಿಬಾಯಿ ನಿನ್ನ ಕಾಲಿಗೆ ನಮಸ್ಕಾರ ಹೇಳಿದ್ದಾಳೆ, ತಿಪ್ಪವ್ವ ಎರಡು ಬೈಗುಳ ಹೇಳಿ ಕಳಿಸಿದ್ದಾಳೆ, ಅವನ್ನು ಬರೆಯುವುದಿಲ್ಲ. ಹಿಂಡಿಗೂ ನಿನಗೂ ಬೀರದೇವರು ಒಳ್ಳೆಯದು ಮಾಡಲಿ. ಚಿಕ್ಕವನು ದೊಡ್ಡವನನ್ನು ಹರಸಬಾರದೆನ್ನುತ್ತಾರೆ. ಇದೊಂದು ಸಲ ಹರಸುತ್ತೇನೆ, ತಪ್ಪಿದ್ದರೆ ನಡೆಸಿಕೊ.

ನಿನ್ನ ತಮ್ಮ,
ಸೋಮನಿಂಗ

ತಾ.ಕ. ಲಕೋಟೆ ಅಂಟಿಸಿಯಾಗಿತ್ತು, ಬಿಚ್ಚಿ ಬರೆಯುತ್ತಿದ್ದೇನೆ. ಈ ತುಂಡು ಹಾಳೆಯನ್ನು ಶಂಕರೆಪ್ಪನಿಗೆ ಕೊಡಬೇಡ, ನಿನಗೆ ಮಾತ್ರ. ಅತ್ತಿಗೆ ಈಗ ಒಲೆಯ ಮುಂದೆ ನನ್ನನ್ನು ಕರೆದು ತಲೆ ಹಿಂದಕ್ಕೆ ಬಾಗಿಸಿ ತೋರಿಸಿದಳು. ಅವಳ ಎಡ ಹೊರಳೆಯಲ್ಲೂ ಅದೇ ಇದೆ, ಕೆಂಪು ಮಾಂಸ, ಮೇಲೆ ಬಿಳಿ ಚುಕ್ಕೆ. ಬ್ಯಾಟರಿ ಹಿಡಿದು ನೋಡಿದೆ. ದೀಪಾವಳಿಯ ಮೊದಲಿನಿಂದ ರಕ್ತ ಬರುತ್ತಿದೆಯಂತೆ, ಯಾರಿಗೂ ಹೇಳಿಲ್ಲ. ನೀನು ಕೊಟ್ಟದ್ದು ಎಂದು ತಿಳಿದು ನೀನು ಎಲ್ಲಿ ಏನು ಮಾಡಿಕೊಳ್ಳುತ್ತೀಯೋ ಎಂದು ಅಂಜಿದ್ದಳು. ನೀನು ಕೊಟ್ಟದ್ದಲ್ಲ, ಅಣ್ಣಾ. ಉಣ್ಣೆ ಕತ್ತರಿಸುವ ಕಾಲಕ್ಕೆ ನಿನ್ನ ಪಕ್ಕದಲ್ಲೇ ಅದೇ ನೀರಿನಲ್ಲಿ ನಿಂತವಳು ಅವಳು. ನಾಳೆಯೇ ಹುಬ್ಬಳ್ಳಿಗೆ ಹೋಗಿ ತೆಗೆಸೋಣ ಎಂದೆ. "ನಿಮ್ಮಣ್ಣ ಬಂದು ದವಾಖಾನಿ ಬಾಗಲದಾಗ ಕುಂದರ್ಲಿ, ಆಮ್ಯಾಲ ಕೊಯ್ಸಿಕೊಂತೇನಿ. ಇಲ್ಲಂದ್ರ ಇರಲಿ ಬಿಡು, ನನ್ನ ಮೂಗು ನನಗ ಭಾರಲ್ಲ" ಎನ್ನುತ್ತಾಳೆ. ಬಿಟ್ಟರೆ ಬೆಳೆದು ಗಂಟಲಿಗೆ ಇಳಿದೀತು. ಶುಕ್ರವಾರ ನಾವಿಬ್ಬರೂ ಹೊರಡುತ್ತೇವೆ. ಬಾಗೇವಾಡಿಯ ಬಸ್ಸು ಮಧ್ಯಾಹ್ನ ನಿಡಗುಂದಿಯಲ್ಲಿ ನಿಲ್ಲುತ್ತದೆ. ಹಿಂಡನ್ನು ಜೊತೆಯವರಿಗೆ ಒಪ್ಪಿಸಿ ಬಸ್ಸು ಹತ್ತು. ನೀನು ಹತ್ತದಿದ್ದರೆ ಅವಳು ಅಲ್ಲೇ ನಿನ್ನಲ್ಲಿಗೆ ಇಳಿಯುತ್ತಾಳೆ. ಗಂಟು ಈಗಲೇ ಕಟ್ಟಿ ಇಟ್ಟಿದ್ದಾಳೆ, ಅದರಲ್ಲಿ ರೊಟ್ಟಿ ಬೇಯಿಸುವ ಹಂಚೂ ಇದೆ. ಹುಬ್ಬಳ್ಳಿಯ ದವಾಖಾನೆಯಲ್ಲಿ ಹಂಚು ಯಾತಕ್ಕೆ ಎಂದು ನಾನು ಕೇಳಲಿಲ್ಲ.